ಓದಿ ಮುಗಿಸಿದ ಪಾಠ

ಗುವಾಹಾಟಿ
11 ಜೂನ್ 2018

ಹಯಗ್ರೀವ ರಾಯರಿಗೆ ಅಶ್ಮಿತಾಳ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಹುಟ್ಟಿ ಬೆಳೆದದ್ದು ಮುಂಬಯಿ ಪಕ್ಕದ ಕಲ್ಯಾಣದಲ್ಲಿ, ಅಪ್ಪನ ಊರು ಕಾಪು. ಈಗ ಇಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಡೊಂಬಿವಲಿಯ ಕನ್ನಡ ಸಂಘದ ಗ್ರಂಥಾಲಯಕ್ಕೆ ಫೋನ್ ಮಾಡಿ, ಅನುವಾದಗಳ ಬಗ್ಗೆ ತಿಳಿದವರು ಬೇಕು ಎಂದಾಗ, ಅನುವಾದಗಳ ವಿಮರ್ಶೆ ಬರೆಯುವವರೆಂದು ನಿಮ್ಮ ವಿಳಾಸ ಕೊಟ್ಟರು. "ಈಮೇಲ್ ಮಾಡ್ಬೇಡಿ, ಅವ್ರು ಬರೆಯುವುದೆಲ್ಲ ಕಾಗದದಲ್ಲೇ" ಎಂದೂ ಹೇಳಿದರು. ಈಮೇಲಿನ ಅವಸರದ ಭಾಷೆ ಇಷ್ಟವಿಲ್ಲದವರು ಇನ್ನೂ ಇದ್ದಾರಲ್ಲ ಎಂದು ಸಂತೋಷವಾಯಿತು.

ವಿಷಯ ಇದು. ಸಾಹಿತ್ಯ, ಇತಿಹಾಸ ಅಧ್ಯಯನ ಮಾಡುವವರಿಗೆ ಕಂಪ್ಯೂಟರ್ ಬಳಸಿ ಸಂಶೋಧನೆ ಮಾಡುವುದು ಹೇಗೆಂದು ಕಲಿಸುವ ಒಂದು ಜಾಲತಾಣವಿದೆ. ಪಾಠಗಳು ಉಚಿತ. ಬೇರೆ ಬೇರೆ ದೇಶದ ಅಧ್ಯಾಪಕರು ಬಿಡುವಿನಲ್ಲಿ ಬರೆದವು. ಇಂಗ್ಲಿಷಿನ ಜೊತೆಗೆ ಇನ್ನೂ ಕೆಲವು ಭಾಷೆಗಳಲ್ಲಿವೆ. ಕನ್ನಡವೂ ಬೇಕು ಎಂದು ನಾವು ಐದು ಜನ ಶುರು ಮಾಡಿದೆವು. ಈಗ ಉಳಿದಿರುವುದು ನಾನೊಬ್ಬಳೇ. ಈ ವರ್ಷದ ಕೊನೆಯೊಳಗೆ ಒಂದು ಪಾಠವಾದರೂ ಪರಿಶೀಲನೆ ದಾಟಿದರೆ ಕನ್ನಡ ವಿಭಾಗ ತೆರೆಯುತ್ತಾರೆ. ಇಲ್ಲದಿದ್ದರೆ ಕನ್ನಡವನ್ನು ಕೈಬಿಡುತ್ತಾರೆ.

ನಾನು ಅನುವಾದಿಸಿದ ಪಾಠದ ಮುದ್ರಿತ ಪ್ರತಿ ಇದರೊಂದಿಗಿದೆ. ನೂರಾರು ಬರಹಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಒಟ್ಟಿಗೆ ಹುಡುಕುವುದನ್ನು ಅದು ಕಲಿಸುತ್ತದೆ. ಪಾಠದಲ್ಲಿ ಎಲ್ಲಿ ತೊಡಕಾಯಿತು ಎಂದು ಪರಿಶೀಲಕರು ಬರೆಯಬೇಕು. ಅವರು ಬರೆದದ್ದನ್ನು ಯಾರು ಬೇಕಾದರೂ ಓದುವಂತೆ ಜಾಲತಾಣದಲ್ಲೇ ಹಾಕುತ್ತಾರೆ. ನೀವು ಪರಿಶೀಲಕರಾಗುವಿರಾ?

ಇನ್ನೊಂದು ಮಾತು. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಹಿಂದಿಯಲ್ಲಿ ಉತ್ತರಿಸುತ್ತಿದ್ದವಳು. ಓದಲು ಬರೆಯಲು ಕಲಿತದ್ದು ಇಪ್ಪತ್ತರ ನಂತರ. ಆದ್ದರಿಂದ ಭಾಷೆಯ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಅಶ್ಮಿತಾ

*

ಡೊಂಬಿವಲಿ ಪೂರ್ವ
2 ಜುಲೈ 2018

ಅಶ್ಮಿತಾ ಅವರಿಗೆ,

ಪಾಠವನ್ನು ಎರಡು ಸಲ ಓದಿದೆ. ಎರಡು ಸಲವೂ ಕೊನೆಯವರೆಗೆ ಹೋದೆ. ಇಂಥ ಬರಹ ನಾನು ಓದಿದವನಲ್ಲ. ಕುತೂಹಲವಾಯಿತು.

ಮೊದಲ ಪ್ರಶ್ನೆ: "ಈಗ ನಾವು ಫೈಲನ್ನು ತೆರೆಯೋಣ", "ಈಗ ನಾವು ಪದವನ್ನು ಟೈಪ್ ಮಾಡೋಣ" ಎನ್ನುವ ಈ 'ನಾವು' ಯಾರು? ಇಂಗ್ಲಿಷಿನಲ್ಲಿ ಗುರು ಶಿಷ್ಯನ ಹೆಗಲ ಮೇಲೆ ಕೈ ಹಾಕಿದಂತೆ ಕೇಳುತ್ತದೋ ಏನೋ. ಕನ್ನಡದಲ್ಲಿ ಮಗುವಿಗೆ ಔಷಧಿ ಕುಡಿಸುವವರು ಹೀಗೆ ಮಾತನಾಡುತ್ತಾರೆ. "ತೆರೆಯಿರಿ" ಸಾಕು.

ಎರಡನೆಯದು: ಮೂರನೆಯ ಹಂತದ ಕೊನೆಗೆ "ಅಭಿನಂದನೆಗಳು!" ಎಂದಿದೆ. ಫೈಲು ತೆರೆದದ್ದಕ್ಕೆ ಕನ್ನಡದಲ್ಲಿ ಯಾರೂ ಯಾರನ್ನೂ ಅಭಿನಂದಿಸುವುದಿಲ್ಲ. ತೆಗೆಯಿರಿ.

ಉಳಿದ ತಿದ್ದುಪಡಿಗಳು ನಿಮ್ಮ ಪ್ರತಿಯ ಅಂಚಿನಲ್ಲಿವೆ. ಆರನೆಯ ಹಂತವನ್ನು ಪೂರ್ತಿಯಾಗಿ ಬೇರೆ ಬರೆದಿದ್ದೇನೆ. ಅಲ್ಲಿ ನಿಮ್ಮ ವಾಕ್ಯಗಳು ಮುಗ್ಗರಿಸುತ್ತಿದ್ದವು. ಕೊನೆಯ ಭಾಗ ಬಹಳ ಚೆನ್ನಾಗಿದೆ. ಹುಡುಕಿದ ಪದವು ಪ್ರತಿ ಸಾಲಿನ ನಡುವೆ ಒಂದರ ಕೆಳಗೊಂದು ಬಂದು ನಿಲ್ಲುವುದು, ಅದರ ಎಡಕ್ಕೂ ಬಲಕ್ಕೂ ಬೇರೆ ಬೇರೆ ಕತೆಗಳ ತುಂಡುಗಳು. ಆ ಪುಟವನ್ನು ಮತ್ತೆ ಮತ್ತೆ ನೋಡಿದೆ.

ನನಗೂ ಒಂದು ಹಳೆಯ ಅನುಮಾನವಿದೆ. ಅನುವಾದಿತ ಕಾದಂಬರಿಗಳಲ್ಲಿ ಎಲ್ಲರೂ ಭುಜ ಹಾರಿಸುತ್ತಾರೆ. "ನನಗೇನು ಗೊತ್ತು ಎಂದು ಆತ ಭುಜ ಹಾರಿಸಿದ." ಡೊಂಬಿವಲಿ ಸ್ಟೇಷನ್ನಿನಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ, ನಮ್ಮವರು ಯಾರೂ ಭುಜ ಹಾರಿಸಿದ್ದನ್ನು ಕಂಡಿಲ್ಲ. ಆದರೆ ಈಚೆಗೆ ನಮ್ಮವರೇ ಬರೆದ ಸ್ವಂತ ಕತೆಗಳಲ್ಲೂ ಭುಜ ಹಾರುತ್ತಿದೆ. ಇದು ಯಾವಾಗ ಒಳಗೆ ಬಂತು? ನಿಮ್ಮ ಪಾಠ ಓದುವಾಗ ಈ ಪ್ರಶ್ನೆಗೂ ಉತ್ತರ ಇದ್ದೀತು ಎನ್ನಿಸಿತು.

ಹಯಗ್ರೀವ ರಾವ್

*

ಗುವಾಹಾಟಿ
16 ಜುಲೈ 2018

ಹಯಗ್ರೀವ ಸರ್,

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದುತ್ತಾ ಜೋರಾಗಿ ನಕ್ಕುಬಿಟ್ಟೆ. ಅಭಿನಂದನೆಗಳನ್ನು ತೆಗೆದಿದ್ದೇನೆ. 'ನಾವು' ಕೂಡ ಹೋಯಿತು. ಆರನೆಯ ಹಂತಕ್ಕೆ ನಿಮ್ಮ ವಾಕ್ಯಗಳನ್ನೇ ಹಾಕಿದ್ದೇನೆ, ಒಂದಕ್ಷರ ಬದಲಿಸಿಲ್ಲ.

ನೀವು ಕೊನೆಯ ಪುಟದವರೆಗೆ ತಲುಪಿದಿರಿ ಎಂದು ಓದಿ ಎಷ್ಟು ಹಗುರಾಯಿತೆಂದರೆ ಹೇಳಲಾರೆ. ಇದಕ್ಕೆ ಮೊದಲು ಬೇರೆ ಇಬ್ಬರನ್ನು ಕೇಳಿದ್ದೆ. ಇಬ್ಬರೂ ಅರ್ಧಕ್ಕೇ ಬಿಟ್ಟರು.

ಒಂದೇ ಪ್ರಶ್ನೆ. ದಾರಿಯಲ್ಲಿ ಎಲ್ಲಾದರೂ ನಿಂತಿರಾ?

ಅಶ್ಮಿತಾ

*

ಡೊಂಬಿವಲಿ ಪೂರ್ವ
30 ಜುಲೈ 2018

ಅಶ್ಮಿತಾ ಅವರಿಗೆ,

ಒಂದೇ ಕಡೆ ನಿಂತೆ. ಉಳಿದ ಕಡೆಯೆಲ್ಲ 'ಫೈಲು' ಎಂದವರು ಎರಡನೆಯ ಹಂತದಲ್ಲಿ ಮಾತ್ರ 'ಕಡತ' ಎಂದು ಬರೆದಿದ್ದೀರಿ. ನಾನು ಠಾಣೆಯ ಇನ್ಶೂರೆನ್ಸ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಡತ ಎಂದರೆ ನನಗೆ ಕೆಂಪು ದಾರ ಕಟ್ಟಿದ ಧೂಳಿನ ಕಟ್ಟು ಕಾಣುತ್ತದೆ. ಅಲ್ಲಿಯೂ 'ಫೈಲು' ಎಂದೇ ಇರಲಿ. ಉಳಿದಂತೆ ಎಲ್ಲಿಯೂ ತಡೆಯಿಲ್ಲದೆ ಹೋಯಿತು.

ಹಯಗ್ರೀವ ರಾವ್

*

ಗುವಾಹಾಟಿ
20 ಆಗಸ್ಟ್ 2018

ಹಯಗ್ರೀವ ಸರ್,

ಸಿಹಿ ಸುದ್ದಿ. ನಿಮ್ಮ ಎರಡೂ ಪತ್ರಗಳ ಸಾರವನ್ನು ಜಾಲತಾಣದಲ್ಲಿ ಹಾಕಿದೆ: "ಪರಿಶೀಲಕರು ಪಾಠವನ್ನು ಎರಡು ಬಾರಿ ಪೂರ್ತಿ ಮಾಡಿದ್ದಾರೆ. ಒಂದು ಪದದ ಹೊರತು ಎಲ್ಲಿಯೂ ತಡೆಯಾಗಲಿಲ್ಲ." ನಮ್ಮ ಕೆಲಸ ನೋಡಿಕೊಳ್ಳುವ ಸಂಪಾದಕಿ ಸ್ಪೇನಿನವರು. ಅವರಿಗೆ ಬಹಳ ಸಂತೋಷವಾಗಿದೆ. ನಿಮ್ಮ ಭುಜದ ಪ್ರಶ್ನೆಯನ್ನೂ ಹೇಳಿದೆ. ಅವರ ಭಾಷೆಯ ಕತೆಗಳಲ್ಲೂ ಹುಡುಕಿ ನೋಡಬೇಕು ಎಂದರು.

ನಿಯಮದ ಪ್ರಕಾರ ಒಂದು ಬಾಕಿ ಇದೆ. ನಿಮಗೆ ಕೊನೆಯ ಹಂತದಲ್ಲಿ ಸಿಕ್ಕ ಪಟ್ಟಿಯನ್ನು ಪರಿಶೀಲನೆಯ ಜೊತೆ ಇಡಬೇಕು. ಯಾವ ಬರಹಗಳನ್ನು ಹಾಕಿ ಯಾವ ಪದ ಹುಡುಕಿದಿರಿ, ಏನು ಬಂತು ಎಂಬುದು. ಅದರ ಒಂದು ಪ್ರಿಂಟ್ ಕಳಿಸಿದರೆ ಸಾಕು.

ಅಶ್ಮಿತಾ

*

ಗುವಾಹಾಟಿ
5 ಅಕ್ಟೋಬರ್ 2018

ಹಯಗ್ರೀವ ಸರ್,

ಆಗಸ್ಟಿನ ನನ್ನ ಪತ್ರ ತಲುಪಿತೇ? ಅಂಚೆಯಲ್ಲಿ ಕಳೆದಿರಬಹುದೆಂದು ಅದರ ನಕಲನ್ನು ಮತ್ತೆ ಇಟ್ಟಿದ್ದೇನೆ. ನಿಮ್ಮ ಆರೋಗ್ಯ ಚೆನ್ನಾಗಿದೆ ಎಂದುಕೊಳ್ಳುತ್ತೇನೆ. ಅಥವಾ ನಿಮ್ಮನ್ನು ಕೇಳದೆ ನಿಮ್ಮ ಮಾತನ್ನು ಎಲ್ಲರೆದುರು ಹಾಕಿದ್ದು ತಪ್ಪಾಯಿತೇ? ಹಾಗಿದ್ದರೆ ತೆಗೆದುಬಿಡುತ್ತೇನೆ. ಸಂಪಾದಕಿ ಎರಡು ಸಲ ಕೇಳಿದರು. ಎರಡು ಸಲವೂ "ಹಿರಿಯರು, ಸ್ವಲ್ಪ ಸಮಯ ಕೊಡಿ" ಎಂದೆ.

ಅಶ್ಮಿತಾ

*

ಡೊಂಬಿವಲಿ ಪೂರ್ವ
14 ಅಕ್ಟೋಬರ್ 2018

ಅಶ್ಮಿತಾ ಅವರಿಗೆ,

ಆಗಸ್ಟಿನ ಪತ್ರ ತಲುಪಿತ್ತು. ಅಂಚೆಯವರ ತಪ್ಪಿಲ್ಲ.

ಪಟ್ಟಿ ಇಲ್ಲ. ನಾನು ಪಾಠವನ್ನು ಓದಿದೆ, ಅಷ್ಟೇ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಪೆನ್ಸಿಲ್ ಹಿಡಿದು, ಕಾದಂಬರಿ ಓದುವಂತೆ ಓದಿದೆ. ಇಷ್ಟು ವರ್ಷ ಅನುವಾದವನ್ನು ಪರಿಶೀಲಿಸುವುದೆಂದರೆ ನನಗೆ ಅದೇ. ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದು ಹಂತವನ್ನೂ ಮಾಡಿ ನೋಡಬೇಕು ಎಂಬುದು ಹೊಳೆಯಲೇ ಇಲ್ಲ. ನೀವು "ಎಲ್ಲಾದರೂ ನಿಂತಿರಾ" ಎಂದು ಕೇಳಿದಾಗ ಓದುತ್ತಾ ಎಲ್ಲಿ ನಿಂತೆ ಎಂದು ಹೇಳಿದೆ. ನಾನು ಮತ್ತೆ ಮತ್ತೆ ನೋಡಿದೆ ಎಂದದ್ದು ನೀವೇ ಕೊನೆಗೆ ಅಚ್ಚು ಹಾಕಿದ್ದ ಮಾದರಿ ಚಿತ್ರವನ್ನು. ಈ ಪಾಠಕ್ಕಾಗಿ ನಾನು ಕಂಪ್ಯೂಟರಿನ ಒಂದು ಗುಂಡಿಯನ್ನೂ ಒತ್ತಿದವನಲ್ಲ.

ಪಟ್ಟಿ ಕೇಳಿದ ದಿನವೇ ಇದು ತಿಳಿಯಿತು. ಉತ್ತರ ಬರೆಯಲು ಕುಳಿತೆ, ವಾಕ್ಯ ಹೊಂದಲಿಲ್ಲ. ಮೊನ್ನೆ ನಿಮ್ಮ ಅಕ್ಟೋಬರಿನ ಪತ್ರವನ್ನು ನನ್ನ ಹೆಂಡತಿ ವಸಂತಿ ಒಡೆದಳು. ಅವಳು ನಮ್ಮ ಬಿಲ್ಡಿಂಗಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ನನಗೆ ಬರುವ ಕಾಗದಗಳನ್ನೂ ಸೊಸೈಟಿಯ ಕಾಗದವೆಂದೇ ಒಡೆಯುತ್ತಾಳೆ.

"ಎಂತ ಪಟ್ಟಿ ಮಾರಾಯ್ರೆ ಇದು? ನೀವು ಆ ಪಾಠ ಮಾಡಿದ್ದೀರಾ?"

"ಓದಿದ್ದೇನೆ."

"ಅಡಿಗೆ ಪುಸ್ತಕ ಓದಿ ಊಟ ಆಯ್ತು ಅಂತ ಕೈ ತೊಳ್ಕೊಂಡ್ರಾ?"

"ವಾಕ್ಯಗಳು ಸರಿ ಇದ್ದವು."

"ಅರೆ ದೇವಾ! ಆ ಹುಡುಗಿ ಅಲ್ಲಿ ನಿಮ್ಮ ಹೆಸ್ರಲ್ಲಿ ಊರಿಗೆಲ್ಲ ಸಾರಿದ್ದಾಳೆ. ಸುಮ್ನೆ ಕೂತ್ರೆ ಆಗ್ತದಾ? ಇವತ್ತೇ ಬರೀರಿ. ಲ್ಯಾಪ್‌ಟಾಪ್ ನಂದು ಉಂಟು. ನೀವು ಓದಿ, ನಾನು ಒತ್ತುತ್ತೇನೆ."

ಸೊಸೈಟಿಯ ಮೇಂಟೆನೆನ್ಸ್ ಬಿಲ್ಲುಗಳನ್ನು ಅವಳು ಆ ಲ್ಯಾಪ್‌ಟಾಪಿನಲ್ಲಿ ಮಾಡುತ್ತಾಳೆ. ಮುಂದಿನ ಭಾನುವಾರ ಶುರು ಮಾಡುತ್ತೇವೆ. ನೀವು ಜಾಲತಾಣದಲ್ಲಿ ಹಾಕಿದ್ದನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ. ಯಾರ ತಪ್ಪೆಂದು ಕೇಳಿದರೆ ನನ್ನ ಹೆಸರು ಹೇಳಿ.

ಹಯಗ್ರೀವ ರಾವ್

*

ಡೊಂಬಿವಲಿ ಪೂರ್ವ
29 ಅಕ್ಟೋಬರ್ 2018

ಅಶ್ಮಿತಾ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಭುಜದ ಪ್ರಶ್ನೆಗೆ ಸಂಘದ ವಾರ್ಷಿಕ ಸಂಚಿಕೆಗಳ ಕತೆಗಳು ಸರಿಯೆನ್ನಿಸಿತು. ತೊಂಬತ್ತರ ದಶಕದಿಂದ ಅವು ಕಂಪ್ಯೂಟರಿನಲ್ಲೇ ಅಚ್ಚಿಗೆ ಸಿದ್ಧವಾದವು. ಸ್ಟೇಷನ್ ಹತ್ತಿರ ಡಿ.ಟಿ.ಪಿ. ಅಂಗಡಿ ಇಟ್ಟಿರುವ ಮುರಾರಿಯ ಬಳಿ ಎಲ್ಲ ಫೈಲುಗಳೂ ಇದ್ದವು. ಸಂಘದ ಕಾರ್ಯದರ್ಶಿಯ ಒಪ್ಪಿಗೆ ಪಡೆದು ಪೆನ್ ಡ್ರೈವಿನಲ್ಲಿ ಹಾಕಿಸಿ ತಂದೆ. ಒಂದು, ಎರಡು, ಮೂರನೆಯ ಹಂತ ಮುಗಿದವು. ನಾಲ್ಕನೆಯದರಲ್ಲಿ 'ಭುಜ' ಎಂದು ಟೈಪ್ ಮಾಡಿದೆವು. ಏನೂ ಬರಲಿಲ್ಲ.

"ಕಥೆಯಲ್ಲಿ ಭುಜ ಇಲ್ಲವೇ ಇಲ್ಲ. ನಿಮ್ಮ ಅನುಮಾನ ಖೋಟಾ" ಎಂದಳು ವಸಂತಿ.

'ಅವನು' ಎಂದು ಹುಡುಕಿದೆವು. ಏನೂ ಇಲ್ಲ. 'ಮನೆ' ಎಂದು ಹುಡುಕಿದೆವು. ಅದೂ ಇಲ್ಲ. ಇಪ್ಪತ್ತು ವರ್ಷಗಳ ಕನ್ನಡ ಕತೆಗಳಲ್ಲಿ ಒಬ್ಬನಿಗೂ ಮನೆಯಿಲ್ಲ. ಪದ ಹುಡುಕುವ ಪ್ರೋಗ್ರಾಮಿನ ಕಿಟಕಿಯಲ್ಲಿ ಫೈಲನ್ನೇ ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ಡಿಗ್ರಿಯ ಸೊನ್ನೆ. ಅದೇ ಫೈಲು ಮುರಾರಿಯ ಅಂಗಡಿಯ ಪರದೆಯ ಮೇಲೆ ಸ್ವಚ್ಛ ಕನ್ನಡ. ಅವನನ್ನು ಕೇಳಿದೆ.

"ಪ್ರಿಂಟ್ ಬರಾಬರ್ ಬಂದಿತ್ತಲ್ಲ ಸಾರ್? ಮತ್ತೆ ಕಾಯ್ಕೂ ಟೆನ್ಷನ್?"

"ಹುಡುಕಿದರೆ ಸಿಗುವುದಿಲ್ಲವಲ್ಲಪ್ಪ."

"ಹುಡುಕ್ಲಿಕ್ಕೆ ಅಂತ ಯಾರೂ ಟೈಪ್ ಮಾಡ್ಸೋದಿಲ್ಲ ಸಾರ್. ಓದ್ಲಿಕ್ಕೆ ಮಾಡ್ಸೋದು."

ಅವನ ಮಾತನ್ನು ವಸಂತಿ ಮೂರು ದಿನದಿಂದ ನನಗೆ ಹೇಳುತ್ತಿದ್ದಾಳೆ.

ಮೂಲದ ಇಂಗ್ಲಿಷ್ ಪಾಠವನ್ನೂ ಅವಳಿಂದ ತೆರೆಸಿ ಓದಿದೆ. ಇದರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ನೀವು ಏನನ್ನೂ ಬಿಟ್ಟಿಲ್ಲ. ಹಾಗಾದರೆ ನಾವೆಲ್ಲಿ ತಪ್ಪಿದೆವು?

ಹಯಗ್ರೀವ ರಾವ್

ಮರೆತೆ: ನಿಮ್ಮ ತಂದೆಯ ಊರು ಕಾಪು ಎಂದು ತಿಳಿದ ಮೇಲೆ, 'ಸರ್' ಬಿಟ್ಟು ಮಾವ ಎಂದು ಬರೆಯಲು ವಸಂತಿ ಹೇಳಿದ್ದಾಳೆ. ಅವಳ ತವರು ಅಲ್ಲಿಂದ ಎರಡು ಸ್ಟಾಪು.

*

ಗುವಾಹಾಟಿ
8 ನವೆಂಬರ್ 2018

ಹಯಗ್ರೀವ ಮಾವ, ವಸಂತಿ ಅತ್ತೆ,

ನೀವು ಎಲ್ಲಿಯೂ ತಪ್ಪಿಲ್ಲ. ತಪ್ಪಿದವಳು ನಾನು. ಪಾಠವನ್ನು ಅನುವಾದಿಸುವಾಗ ನಾನು ಇಂಟರ್ನೆಟ್ಟಿನಿಂದ ತೆಗೆದ ಹೊಸ ಬರಹಗಳನ್ನು ಹಾಕಿ ನೋಡಿದ್ದೆ, ಎಲ್ಲ ಸರಿಯಾಗಿ ಬಂತು. ಸಂಘದ ಫೈಲುಗಳು ಹಳೆಯ ಫಾಂಟಿನವು. ಆ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸಿ ಅಚ್ಚು ಮಾಡುತ್ತಿದ್ದರು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ವೇಷ ನಿಲ್ಲುತ್ತದೆ. ಹಳೆಯದನ್ನು ಹೊಸದಕ್ಕೆ ಬದಲಿಸುವ ಉಚಿತ ಸಾಧನಗಳಿವೆ. ಹೇಗೆ ಮಾಡಬೇಕೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅತ್ತೆ ಅದನ್ನು ಮಾಡಿ ನೋಡಲಿ. ಮಾವ, ನೀವು ಅದರ ವಾಕ್ಯ ತಿದ್ದಬೇಡಿ, ಈಗಲೇ ಬೇಡ.

ಈಗ ಕಷ್ಟದ ಮಾತು. ಹಿಂದಿನ ವರದಿಯನ್ನು ಹಿಂದಕ್ಕೆ ಪಡೆದೆ. "ಪರಿಶೀಲಕರು ಓದಿದ್ದರು, ಮಾಡಿರಲಿಲ್ಲ. ನಾನು ವಿಚಾರಿಸದೆ ಬರೆದೆ" ಎಂದು ಹಾಕಿದೆ. ಸಂಪಾದಕಿ ಒಳ್ಳೆಯವರು, ಆದರೆ ಅವರ ಉತ್ತರ ಚಿಕ್ಕದಾಗಿತ್ತು. ಹಳೆಯ ಫಾಂಟು ಬದಲಿಸುವ ಈ ಹಂತವನ್ನು ಕನ್ನಡ ಪಾಠದಲ್ಲಿ ಸೇರಿಸಬಹುದೇ ಎಂದು ಕೇಳಿದ್ದಕ್ಕೆ, ಅನುವಾದದಲ್ಲಿ ಮೂಲದಲ್ಲಿಲ್ಲದ ಹಂತ ಇರುವಂತಿಲ್ಲ, ಅದು ನಿಯಮ ಎಂದರು. ಸೇರಿಸದಿದ್ದರೆ ಹಳೆಯ ಕನ್ನಡ ಫೈಲು ಇರುವ ಯಾರೂ ನಾಲ್ಕನೆಯ ಹಂತ ದಾಟುವುದಿಲ್ಲ. ಸೇರಿಸಿದರೆ ಅನುವಾದವೆಂದು ಒಪ್ಪುವುದಿಲ್ಲ. ಡಿಸೆಂಬರ್ ಮೂರನೆಯ ವಾರ ಅವರ ಸಭೆ. ನನಗೆ ಏನೂ ತೋಚುತ್ತಿಲ್ಲ.

ಅಶ್ಮಿತಾ

*

ಡೊಂಬಿವಲಿ ಪೂರ್ವ
2 ಡಿಸೆಂಬರ್ 2018

ಅಶ್ಮಿತಾ,

ನಿನ್ನ ಹಾಳೆಯಂತೆ ವಸಂತಿ ಬದಲಿಸಿದಳು. ಕೆಲವು ಒತ್ತಕ್ಷರಗಳು ಕೆಟ್ಟವು, ಕೈಯಿಂದ ಸರಿಮಾಡಿದೆವು. ನಂತರ 'ಭುಜ' ಎಂದು ಟೈಪ್ ಮಾಡಿದ್ದು ನಾನೇ. ಒಂದು ಬೆರಳಿನಲ್ಲಿ. ವಸಂತಿ "ಸಾವಕಾಶ್, ಸಾವಕಾಶ್" ಎನ್ನುತ್ತಿದ್ದಳು.

ಬಂದವು. ಮಾದರಿ ಚಿತ್ರದಲ್ಲಿದ್ದಂತೆಯೇ, ಒಂದರ ಕೆಳಗೊಂದು. ಮೊದಮೊದಲ ಸಂಚಿಕೆಗಳಲ್ಲಿ ಭುಜಕ್ಕೆ ಬರೀ ಕೆಲಸ: ಚೀಲ ಹೊರುವುದು, ಹೆಣ ಹೊರುವುದು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಇನ್ನೊಬ್ಬರಿಗೆ ತಾಗುವುದು. ಗೊತ್ತಿಲ್ಲ ಎನ್ನಬೇಕಾದವರು ಕೈ ತಿರುವುತ್ತಾರೆ, ತುಟಿ ಚಾಚುತ್ತಾರೆ. ಆಮೇಲೆ 1998ರ ಒಂದು ಕತೆಯಲ್ಲಿ ಕಲ್ಯಾಣದ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಒಬ್ಬ ಶೆಟ್ಟರು, ಇಡ್ಲಿ ಯಾಕೆ ತಣ್ಣಗಿದೆ ಎಂದು ಕೇಳಿದ ಗಿರಾಕಿಯ ಎದುರು ಭುಜ ಹಾರಿಸಿಬಿಟ್ಟರು. ನಮ್ಮ ಸಂಚಿಕೆಗಳಲ್ಲಿ ಭುಜ ಹಾರಿಸಿದ ಮೊದಲಿಗರು ಅವರೇ. ಅವರ ನಂತರ ಎಲ್ಲರೂ.

ನಾನು ತಿಳಿದದ್ದು ಅರ್ಧ ಸರಿ, ಅರ್ಧ ತಪ್ಪು. ಆ ಲೇಖಕರನ್ನು ನಾನು ಬಲ್ಲೆ, ಅನುವಾದ ಓದುವವರಲ್ಲ. ದಿನಾ ಸಿನಿಮಾ ನೋಡುತ್ತಿದ್ದರು. ಹಾಗಾದರೆ ಅದು ಪುಸ್ತಕದಿಂದ ಬರಲಿಲ್ಲವೇ? ಈಗ ಹೊಸ ಪ್ರಶ್ನೆ ಹುಟ್ಟಿದೆ, ನಿದ್ದೆ ಕೆಟ್ಟಿದೆ.

ಪಟ್ಟಿಯ ಪ್ರಿಂಟ್ ಇದರಲ್ಲಿದೆ. ಸಭೆಗೆ ಈ ಕೆಳಗಿನದನ್ನು ನನ್ನ ಹೆಸರಿನಲ್ಲಿ ಇಂಗ್ಲಿಷಿಗೆ ತಂದು ಹಾಕು:

"ಅನುವಾದಕರು ಮೂಲದಲ್ಲಿಲ್ಲದ್ದನ್ನು ಸೇರಿಸಬಾರದು ಎಂದು ನಾನು ಅನೇಕ ಲೇಖನಗಳಲ್ಲಿ ಬರೆದಿದ್ದೇನೆ. ಸೇರಿಸಿದವರನ್ನು ಹೆಸರು ಹಿಡಿದು ಟೀಕಿಸಿದ್ದೇನೆ. ಕಾದಂಬರಿಯ ವಿಷಯದಲ್ಲಿ ಈಗಲೂ ಅದೇ ಹೇಳುತ್ತೇನೆ. ಆದರೆ ಈ ಪಾಠವನ್ನು ಮೊದಲ ಸಲ ನಾನು ಕುರ್ಚಿಯಲ್ಲಿ ಕುಳಿತು ಓದಿದಾಗ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಮಾಡಲು ಹೋದಾಗ ನಾಲ್ಕನೆಯ ಹಂತದಲ್ಲಿ ದಾರಿಯೇ ಮುಗಿಯಿತು. ಮೂಲದ ಓದುಗರು ಪಾಠದ ಕೊನೆ ತಲುಪುತ್ತಾರೆ. ಕನ್ನಡದ ಓದುಗರೂ ತಲುಪಬೇಕಾದರೆ ಈ ಒಂದು ಹಂತ ಬೇಕು. ಅದಿಲ್ಲದ ಪಾಠಕ್ಕೆ ಪರಿಶೀಲಕನಾಗಿ ನಾನು ಒಪ್ಪಿಗೆ ಕೊಡಲಾರೆ."

ಕೊನೆಯ ವಾಕ್ಯದಿಂದ ಕನ್ನಡ ವಿಭಾಗ ಹೋಗಬಹುದು ಎಂದು ವಸಂತಿ ಹೇಳಿದಳು. ಗೊತ್ತಿದೆ. ಒಮ್ಮೆ ಮಾಡದೆ ಒಪ್ಪಿಕೊಂಡಿದ್ದೇನೆ, ಮತ್ತೆ ಅದನ್ನು ಮಾಡಲಾರೆ. ನಿನಗೆ ಬೇಡವೆನ್ನಿಸಿದರೆ ಬೇರೆ ಪರಿಶೀಲಕರನ್ನು ನೋಡಿಕೋ, ನನಗೆ ಬೇಸರವಿಲ್ಲ.

ಹಯಗ್ರೀವ ಮಾವ

*

ಗುವಾಹಾಟಿ
27 ಡಿಸೆಂಬರ್ 2018

ಮಾವ,

ಕೊನೆಯ ವಾಕ್ಯವನ್ನು ಎರಡು ದಿನ ಇಟ್ಟುಕೊಂಡು ಕುಳಿತಿದ್ದೆ. ಅಳಿಸಿದೆ, ಮತ್ತೆ ಹಾಕಿದೆ. ಕೊನೆಗೆ ನೀವು ಬರೆದಂತೆಯೇ ಕಳಿಸಿದೆ.

ಸಭೆಯಲ್ಲಿ ಬಹಳ ಚರ್ಚೆಯಾಯಿತಂತೆ. ಹಂತವನ್ನು ಸೇರಿಸಲು ಒಪ್ಪಿದ್ದಾರೆ, ಉಳಿದ ಹಂತಗಳ ಸಂಖ್ಯೆ ಬದಲಾಗುವುದಿಲ್ಲ. ಅದಕ್ಕೆ "ಪರಿಶೀಲಕರ ಸೂಚನೆಯಂತೆ ಸೇರಿಸಿದ್ದು" ಎಂಬ ಟಿಪ್ಪಣಿ ಇರುತ್ತದೆ. ಮೂಲ ಪಾಠ ಬರೆದವರು ಅದನ್ನು ಇಂಗ್ಲಿಷಿಗೆ ತಂದುಕೊಡಲು ಕೇಳಿದ್ದಾರೆ. ಬೇರೆ ಭಾಷೆಯವರಿಗೂ ಬೇಕಾಗಬಹುದು ಎಂದು. ಪಾಠ ಹೊಸ ವರ್ಷದ ದಿನ ಪ್ರಕಟವಾಗುತ್ತದೆ.

ವಿಭಾಗ ಮಾತ್ರ ಇನ್ನೂ ಇಲ್ಲ. ಮಾರ್ಚ್ ಕೊನೆಯವರೆಗೆ ನೋಡುತ್ತಾರಂತೆ. ಅಷ್ಟರಲ್ಲಿ ನಮ್ಮ ಪರಿಚಯದವರಲ್ಲದ ಒಬ್ಬರಾದರೂ ಪಾಠವನ್ನು ನಿಜವಾಗಿ ಮಾಡಿದ್ದು ಕಾಣಬೇಕು. ನಿಮ್ಮ ಮೊದಲ ವರದಿಯ ಕತೆ ಅವರಿಗೆ ನೆನಪಿದೆ, ಆದ್ದರಿಂದ ಪರಿಚಯದವರು ಆಗುವುದಿಲ್ಲ. ಯಾರನ್ನೂ ಕೇಳಿಕೊಳ್ಳುವಂತಿಲ್ಲ. ಕಾಯಬೇಕು.

ಅಶ್ಮಿತಾ

*

ಡೊಂಬಿವಲಿ ಪೂರ್ವ
17 ಫೆಬ್ರವರಿ 2019, ಭಾನುವಾರ

ಅಶ್ಮಿತಾ,

ಜಾಲತಾಣದಲ್ಲಿ ಪಾಠದ ಕೆಳಗೆ ಓದುಗರು ಪ್ರಶ್ನೆ ಬರೆಯುವ ಜಾಗವನ್ನು ವಸಂತಿ ದಿನಾ ಬೆಳಿಗ್ಗೆ ಹಾಲು ಕಾಯಿಸಿದ ನಂತರ ತೆರೆದು ನೋಡುತ್ತಾಳೆ. ಶುಕ್ರವಾರ ಒಳಗಿನಿಂದ ಕೂಗಿದಳು, "ಬನ್ನಿ ಇಲ್ಲಿ, ನಿಮಗೆ ಯಾರೋ ಬೈದಿದ್ದಾರೆ!" ಓಡಿದೆ.

ಇದು ಅಲ್ಲಿದ್ದದ್ದು, ಇದ್ದ ಹಾಗೆಯೇ ಇಳಿಸುತ್ತೇನೆ: "ನಾನು ಟಿಟ್ವಾಳಾದಿಂದ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಪಿಎಚ್.ಡಿ. ಮಾಡ್ತಾ ಇದ್ದೇನೆ. ಹಳೇ ಫಾಂಟಿನ ಹಂತ ತುಂಬ ಉಪಯೋಗ ಆಯ್ತು, ಥ್ಯಾಂಕ್ಸ್. ಆದ್ರೆ ಆರನೇ ಹಂತ ಬರೆದವರು ಯಾರು? ಓದ್ಲಿಕ್ಕೆ ಚಂದ ಉಂಟು, ಎಂತ ಮಾಡ್ಬೇಕು ಅಂತ ಮಾತ್ರ ಗೊತ್ತಾಗುದಿಲ್ಲ. ಎರಡು ದಿನದಿಂದ ಇಲ್ಲೇ ಇದ್ದೇನೆ." ಕೆಳಗೆ ಹೆಸರು ಜಯಶೀಲ. ಗಂಡೋ ಹೆಣ್ಣೋ ತಿಳಿಯದು. ವಸಂತಿ ಹುಡುಗಿ ಎನ್ನುತ್ತಾಳೆ, ಇಷ್ಟು ನೇರವಾಗಿ ಹೇಳಿದ್ದರಿಂದ.

ಆರನೆಯ ಹಂತದ ಮೂರು ವಾಕ್ಯಗಳನ್ನು ನಾನು ಒಂದು ಸಂಜೆ ಪೂರ್ತಿ ಕುಳಿತು ಹೊಂದಿಸಿದ್ದೆ. ನಾನೂ ವಸಂತಿಯೂ ಮಾಡಿದಾಗ ಅದು ದಾಟಿತ್ತು, ಯಾಕೆಂದರೆ ಬರೆದವನೇ ಪಕ್ಕದಲ್ಲಿ ಕುಳಿತು ಅರ್ಥ ಹೇಳುತ್ತಿದ್ದ. ನಿನ್ನೆ ಹೊಸದಾಗಿ ಬರೆಯಲು ನೋಡಿದೆ. ಎಲ್ಲಿ ಕೆಟ್ಟಿದೆ ಎಂದು ನನಗೆ ಕಾಣಿಸುತ್ತಿಲ್ಲ. ನಾನು ಬರೆದದ್ದು ನನಗೆ ಅರ್ಥವಾಗುತ್ತದೆ, ಅದೇ ತೊಂದರೆ.

ಅಲ್ಲೇ ಉತ್ತರ ಹಾಕಿ ಭೇಟಿಗೆ ಕೇಳಿದೆವು. ಬರಲು ಹೇಳಿದ್ದಾರೆ. ಗಣಪತಿ ದೇವಸ್ಥಾನದಿಂದ ಮುಂದೆ ಹೊಸ ಬಿಲ್ಡಿಂಗ್, ಲಿಫ್ಟ್ ಇನ್ನೂ ಶುರುವಾಗಿಲ್ಲವಂತೆ. ನಾನು ಏನನ್ನೂ ಹೇಳಿಕೊಡುವುದಿಲ್ಲ ಎಂದು ವಸಂತಿ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಜಯಶೀಲ ಓದಿ ಮಾಡುವುದನ್ನು ಹಿಂದೆ ಕುಳಿತು ನೋಡುವುದು, ಕೈ ಎಲ್ಲಿ ತಡೆಯುತ್ತದೆ ಎಂದು ಗುರುತು ಹಾಕಿಕೊಳ್ಳುವುದು, ಅಷ್ಟೇ ನನ್ನ ಕೆಲಸ.

ಸಂಪಾದಕಿಗೆ ಇವತ್ತೇ ಬರೆಯಬೇಡ. ಒಬ್ಬರು ಬಂದಿದ್ದಾರೆ, ಆದರೆ ಇನ್ನೂ ಆರನೆಯ ಹಂತದಲ್ಲಿದ್ದಾರೆ. ಕೊನೆ ತಲುಪಿದ ಮೇಲೆ ತಿಳಿಸುತ್ತೇನೆ. ವಸಂತಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಟಿಟ್ವಾಳಾ ಲೋಕಲ್ ತಪ್ಪಿದರೆ ಮುಂದಿನದು ಯಾವಾಗಲೋ ಎಂದು ಗದರುತ್ತಿದ್ದಾಳೆ. ಈ ಕಾಗದವನ್ನು ಸ್ಟೇಷನ್ನಿನ ಡಬ್ಬಕ್ಕೆ ಹಾಕಿ ಹೋಗುತ್ತೇನೆ.

ಹಯಗ್ರೀವ ಮಾವ